ಎಂಟು ಇಂಚಿನ ಲೆಕ್ಕ

ನಮ್ಮ ಮಲೆನಾಡಿನಲ್ಲಿ ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಹೋಗುವ ಗಾಡಿಗೆಲ್ಲ ಒಂದೇ ಹೆಸರು, ಜೀಪು. ಅದನ್ನು ಯಾವ ಕಂಪನಿ ಮಾಡಿತು, ಅದರ ಮೂತಿಯ ಮೇಲೆ ಏನು ಬರೆದಿದೆ ಎಂಬುದೆಲ್ಲ ಪೇಟೆಯವರ ತಲೆನೋವು. ಹೆಣ್ಣು ಕೊಡುವವರು ಬಂದಾಗಲೂ "ನಿಮ್ಮ ಮನೆವರೆಗೂ ಜೀಪು ಬರುತ್ತಾ?" ಎಂದು ಕೇಳುತ್ತಾರೆಯೇ ಹೊರತು "ರಸ್ತೆ ಇದೆಯಾ?" ಎಂದು ಕೇಳುವುದಿಲ್ಲ. ರಸ್ತೆ ಎಂಬ ಮಾತಿಗೆ ನಮ್ಮಲ್ಲಿ ಖಚಿತವಾದ ಅರ್ಥವಿಲ್ಲ. ಬೇಸಿಗೆಯಲ್ಲಿ ರಸ್ತೆಯಾಗಿದ್ದದ್ದು ಆಷಾಢದಲ್ಲಿ ಹಳ್ಳವಾಗಿರುತ್ತದೆ. ಜೀಪು ಬರುತ್ತದೆ ಎಂದರೆ ಮಾತ್ರ ಎಲ್ಲರಿಗೂ ಒಂದೇ ಅರ್ಥವಾಗುತ್ತದೆ.

ಈ ಜೀಪು ನಮ್ಮ ಕಾಡಿಗೆ ಬಂದು ಸೇರಿದ್ದರ ಹಿಂದೆ ದೊಡ್ಡ ಕಥೆಯೇ ಇದೆ. ಎರಡನೆಯ ಮಹಾಯುದ್ಧಕ್ಕೆಂದು ಅಮೆರಿಕದಲ್ಲಿ ಹುಟ್ಟಿದ ವಿಲ್ಲಿಸ್ ಜೀಪನ್ನು ಭಾರತದಲ್ಲಿ ಜೋಡಿಸುವ ಕೆಲಸಕ್ಕೆ ಕೈಹಾಕಿದವರು ಮಹೀಂದ್ರ ಸಹೋದರರು. 1945ರಲ್ಲಿ ಶುರುವಾದಾಗ ಅವರ ಕಂಪನಿಯ ಹೆಸರು ಮಹೀಂದ್ರ ಅಂಡ್ ಮೊಹಮ್ಮದ್. ದೇಶ ಒಡೆದು ಪಾಲುದಾರರಾಗಿದ್ದ ಗುಲಾಂ ಮೊಹಮ್ಮದರು ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದ ಮೇಲೆ, 1948ರಲ್ಲಿ ಅದು ಮಹೀಂದ್ರ ಅಂಡ್ ಮಹೀಂದ್ರ ಆಯಿತು. ಮುಂದೆ ನಾಲ್ಕು ದಶಕ ಕಾಡಿಗೂ ಘಟ್ಟಕ್ಕೂ ಆ ಜೀಪೇ ಗತಿಯಾಗಿತ್ತು. 1985ರ ಕೊನೆಗೆ ಮಾರುತಿಯವರು ಜಪಾನಿನ ಸುಜುಕಿಯ ವಿನ್ಯಾಸದ ಜಿಪ್ಸಿಯನ್ನು ತಂದರು. ಮೊದಲು 970 ಸಿಸಿ ಇದ್ದ ಅದರ ಪೆಟ್ರೋಲ್ ಎಂಜಿನ್ 1996ರಲ್ಲಿ 1298 ಸಿಸಿಗೆ ಬೆಳೆಯಿತು. ಸೈನ್ಯದವರು ಅದನ್ನು ಹಿಮಾಲಯಕ್ಕೆ ಹತ್ತಿಸಿದರು, ಅರಣ್ಯ ಇಲಾಖೆಯವರು ಆನೆಯ ಹಿಂದೆ ಓಡಿಸಿದರು, ಕಾಫಿ ತೋಟದವರು ಎರಡೂ ಕೆಲಸಕ್ಕೆ ಬಳಸಿಕೊಂಡರು. ಸುರಕ್ಷತೆಯ ಹೊಸ ನಿಯಮಗಳು ಬಂದು 2019ರಲ್ಲಿ ಜಿಪ್ಸಿಯ ಮಾರಾಟ ನಿಂತಿತು. ನಿಂತ ಮೇಲೆ ಹಳೆಯ ಜಿಪ್ಸಿಗಳಿಗೆ ಹಳೆಯ ಬೆಳ್ಳಿಯ ಹಾಗೆ ಬೆಲೆ ಬಂತು.

ನಮ್ಮ ಮನೆಯ ಜೀಪು ಇವೆರಡಕ್ಕೂ ನಡುವಿನ ಕಾಲದ್ದು. 1989ರಲ್ಲಿ ಅಪ್ಪ ತಂದ ಮಹೀಂದ್ರ 540. ಪ್ಯೂಜೊ ಡೀಸೆಲ್ ಎಂಜಿನ್ನು, ಮಾತಾಡಿದರೆ ಪಕ್ಕದವರಿಗೆ ಕೇಳದಷ್ಟು ಸದ್ದು. ಅಪ್ಪ ಹೋದ ಮೇಲೂ ಹದಿನಾರು ವರ್ಷ ದುಡಿಯಿತು. 2022ರ ಮಳೆಗಾಲ ಮುಗಿದು ತೊಳೆಯಲು ನಿಲ್ಲಿಸಿದಾಗ ಚಾಸಿಯೇ ಎರಡು ಕಡೆ ಬಿರುಕು ಬಿಟ್ಟಿರುವುದು ಕಂಡಿತು. ನಮ್ಮ ಗ್ಯಾರೇಜಿನ ಸಾಬರು ಕೆಳಗೆ ತೂರಿ ನೋಡಿ, ಹೊರಗೆ ಬಂದು ಕೈ ಒರೆಸಿಕೊಳ್ಳುತ್ತಾ, "ಮೇಷ್ಟ್ರೇ, ಇದಕ್ಕೆ ವೆಲ್ಡಿಂಗ್ ಹೊಡೆದು ನಿಮ್ಮನ್ನ ಕೂರಿಸಿ ಕಳಿಸಿದ್ರೆ ಆ ಪಾಪ ನನಗೆ ಬೇಡ" ಎಂದರು. ಅದು ಗುಜರಿಗೆ ಹೋಯಿತು.

ಇನ್ನೊಂದು ಗಾಡಿ ಬೇಕೇ ಬೇಕಾಗಿತ್ತು. ಕೊಟ್ಟಿಗೆಹಾರದ ಕಡೆಯ ಡಾಂಬರು ರಸ್ತೆ ಬಿಟ್ಟು ಮೂರು ಕಿಲೋಮೀಟರು ಒಳಗಿದೆ ನಮ್ಮ ಮನೆ. ಮೊದಲ ಒಂದು ಕಿಲೋಮೀಟರು ಕಲ್ಲು ಹಾಸಿದ ಏರು, ಆಮೇಲೆ ಕೆಂಪುಮಣ್ಣಿನ ಇಳಿಜಾರು, ಕೆಳಗೆ ಹಳ್ಳ, ಹಳ್ಳಕ್ಕೊಂದು ಮೋರಿ. ಅದನ್ನು ದಾಟಿದರೆ ಮತ್ತೆ ಏರು. ಮೋರಿಯ ಎರಡೂ ಅಂಚಿಗೆ ಗಡಿಕಲ್ಲು ನಿಲ್ಲಿಸಿದ್ದಾರೆ. ಕಲ್ಲಿನಿಂದ ಕಲ್ಲಿಗೆ ಆರೂವರೆ ಅಡಿ. ಎತ್ತಿನ ಗಾಡಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ್ದು.

2023ರ ಫೆಬ್ರವರಿಯ ಹೊತ್ತಿಗೆ ಹುಡುಕಾಟ ಎರಡು ಗಾಡಿಗಳಿಗೆ ಬಂದು ನಿಂತಿತು. ಒಂದು, ನಮ್ಮ ತಾಲೂಕಿನದೇ ಒಂದು ತೋಟದಲ್ಲಿದ್ದ 2010ರ ಜಿಪ್ಸಿ, ಬಟ್ಟೆಯ ಹುಡ್ಡಿನದು. ಇನ್ನೊಂದು, ಉಡುಪಿ ಕಡೆಯಿಂದ ಬಂದಿದ್ದ 2013ರ ಬೊಲೆರೊ, ಫೋರ್‌ವೀಲ್ ಇದ್ದದ್ದು, 2523 ಸಿಸಿಯ ಡೀಸೆಲ್. ಇಬ್ಬರೂ ಹೇಳಿದ ಬೆಲೆ ಹತ್ತಿಪ್ಪತ್ತು ಸಾವಿರದ ಅಂತರದಲ್ಲಿತ್ತು. ಬೆಲೆಯಲ್ಲಿ ದೊಡ್ಡ ವ್ಯತ್ಯಾಸವಿದ್ದಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಬಡವನಿಗೆ ಆಯ್ಕೆಯ ಕಷ್ಟವನ್ನು ತಪ್ಪಿಸುವ ದೊಡ್ಡ ಉಪಕಾರ ಬೆಲೆಯದು.

ಬೆಂಗಳೂರಿನಲ್ಲಿರುವ ಮಗ ಫೋನು ಮಾಡಿ, "ಅಪ್ಪಾ, ಜೂನ್‌ನಲ್ಲಿ ಹೊಸ ಜಿಮ್ನಿ ಬರ್ತಿದೆ, ಅದೂ ಜಿಪ್ಸಿ ವಂಶದ್ದೇ, ಸ್ವಲ್ಪ ಕಾಯಿರಿ" ಎಂದ. ಜೂನ್‌ನಲ್ಲಿ ಬಂತು, ನಿಜ. ಬೆಲೆ ಹನ್ನೆರಡು ಲಕ್ಷದ ಮೇಲಿಂದ ಶುರುವಾಗಿತ್ತು. ನಮ್ಮ ಐದು ಎಕರೆಯ ಕಾಫಿ, ಮೆಣಸು ಎಷ್ಟು ಕೊಡುತ್ತದೆ ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಅದೂ ಅಲ್ಲದೆ ಜೂನ್ ಎಂದರೆ ಪೇಟೆಯವರಿಗೆ ಒಂದು ತಿಂಗಳ ಹೆಸರು. ನಮಗೆ ಅಷ್ಟರೊಳಗೆ ಸೌದೆ, ಅಕ್ಕಿ, ಔಷಧ, ಗಾಡಿ ಎಲ್ಲ ಮನೆ ಸೇರಿರಬೇಕಾದ ಗಡುವು.

ಹಳೇ ಗಾಡಿ ನೋಡುವುದನ್ನು ಸಾಬರಿಂದ ಕಲಿಯಬೇಕು. ಅವರು ಮಾರುವವನ ಮನೆಗೆ ಬೆಳಿಗ್ಗೆ ಆರಕ್ಕೇ ಹೋಗಿ ನಿಲ್ಲುತ್ತಾರೆ. ತಡವಾದರೆ ಎಂಜಿನ್ನನ್ನು ಒಮ್ಮೆ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿರುತ್ತಾರೆ. ಬಿಸಿ ಎಂಜಿನ್ನು ನೆಂಟರ ಎದುರಿನ ಮಗುವಿನಂತೆ, ನಿಜವಾದ ಗುಣ ತೋರಿಸುವುದಿಲ್ಲ. ಸ್ಟಾರ್ಟ್ ಮಾಡಿದ ಮೇಲೆ ಆಯಿಲ್ ಹಾಕುವ ಮುಚ್ಚಳ ತೆಗೆದು, ಅಲ್ಲಿಂದ ಹೊಗೆ ಎಷ್ಟು ಉಗುಳುತ್ತದೆ ಎಂದು ನೋಡುತ್ತಾರೆ. ಸೀಟಿನ ಕೆಳಗೆ ಕೈಹಾಕಿ ಮಣ್ಣಿನ ಪುಡಿ ಹುಡುಕುತ್ತಾರೆ. 2018 ಮತ್ತು 2019ರ ನೆರೆಯಲ್ಲಿ ಮುಳುಗಿದ್ದ ಗಾಡಿಗಳಿಗೆ ಬಣ್ಣ ಹೊಡೆದು ಮಾರಿದ್ದನ್ನು ಅವರು ಕಂಡವರು. ಹೊಳೆಯ ಗೋಡು ಸೀಟಿನ ಹಳಿಯಲ್ಲಿ ವರ್ಷಗಟ್ಟಲೆ ಕೂತಿರುತ್ತದಂತೆ. ಕೊನೆಗೆ ಕೆಳಗೆ ಮಲಗಿ ಮುಂದಿನ ಚಕ್ರಕ್ಕೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಇದೆಯೇ ಎಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಡೀಸೆಲ್ ಉಳಿಯಲೆಂದೋ ಸದ್ದು ತಪ್ಪಲೆಂದೋ ಅದನ್ನು ಬಿಚ್ಚಿ ಮೂಲೆಗಿಟ್ಟವರುಂಟು. ಅಂಥ ಗಾಡಿಯಲ್ಲಿ ಫೋರ್‌ವೀಲಿನ ಸಣ್ಣ ಗೇರ್‌ಕೋಲು ಇರುತ್ತದೆ, ಎಳೆದರೆ ಬರುತ್ತದೆ, ಆದರೆ ಮುಂದಿನ ಚಕ್ರಕ್ಕೆ ಸುದ್ದಿಯೇ ಮುಟ್ಟುವುದಿಲ್ಲ.

ಎರಡೂ ಗಾಡಿಗಳು ಸಾಬರ ಪರೀಕ್ಷೆಯಲ್ಲಿ ಪಾಸಾದವು. ಬೊಲೆರೊದ ಅಡಿಯಲ್ಲಿ ಕಡಲ ಗಾಳಿಯ ತುಕ್ಕು ತುಸು ಹಿಡಿದಿತ್ತು, ಆದರೆ ಮೇಲ್ಮೈಯದು. ಜಿಪ್ಸಿಯ ಹುಡ್ಡು ಹರಿದಿತ್ತು. "ಎರಡೂ ಒಳ್ಳೇವೇ ಮೇಷ್ಟ್ರೇ" ಎಂದು ಸಾಬರು ತೀರ್ಪು ಕೊಟ್ಟು ನನ್ನನ್ನು ನಡುನೀರಿನಲ್ಲಿ ಬಿಟ್ಟರು.

ಅವತ್ತು ರಾತ್ರಿ ಹಳೆಯ ಅಭ್ಯಾಸದಂತೆ ನೋಟ್‌ಬುಕ್ಕಿನಲ್ಲಿ ಎರಡು ಕಂಬ ಎಳೆದು ಬರೆದೆ. ಅಗಲ: ಜಿಪ್ಸಿ 1540 ಮಿಲಿಮೀಟರು, ಬೊಲೆರೊ 1745. ಮುಂಚಕ್ರದಿಂದ ಹಿಂಚಕ್ರಕ್ಕೆ: 2375, 2680. ತೂಕ: ಅದು ಒಂದು ಟನ್ನಿನ ಆಸುಪಾಸು, ಇದು ಒಂದೂವರೆ ಟನ್ನಿಗೂ ಮೇಲೆ. ಅಂದರೆ ಬೊಲೆರೊ ಚಕ್ರದಿಂದ ಚಕ್ರಕ್ಕೆ ಒಂದು ಅಡಿ ಉದ್ದ, ಎಂಟು ಇಂಚು ಅಗಲ. ಎಂಟು ಇಂಚು ಎಂದರೆ ಒಂದು ಗೇಣಿಗೂ ಸ್ವಲ್ಪ ಕಮ್ಮಿ. ಖರ್ಚಿನ ಲೆಕ್ಕವನ್ನೂ ಹಾಕಿದೆ. ಪೆಟ್ರೋಲು 2021ರಲ್ಲೇ ನೂರು ರೂಪಾಯಿ ದಾಟಿತ್ತು. ನಮ್ಮಂಥ ದಾರಿಯಲ್ಲಿ ಜಿಪ್ಸಿ ಲೀಟರಿಗೆ ಒಂಬತ್ತು, ಬೊಲೆರೊ ಹನ್ನೆರಡು ಎಂದು ಸಾಬರ ಅಂದಾಜು. ತಿಂಗಳಿಗೆ ಐನೂರು ಕಿಲೋಮೀಟರು ಓಡಿದರೆ, ಆಗಿನ ದರದಲ್ಲಿ ಜಿಪ್ಸಿಗೆ ಎರಡು ಸಾವಿರ ರೂಪಾಯಿ ಜಾಸ್ತಿ ಬೀಳುತ್ತಿತ್ತು. ವರ್ಷಕ್ಕೆ ಇಪ್ಪತ್ತನಾಲ್ಕು ಸಾವಿರ. ಲೆಕ್ಕದ ಪ್ರಕಾರ ಬೊಲೆರೊ ಗೆದ್ದಿತ್ತು.

ಲೆಕ್ಕಕ್ಕಿಂತ ಮೊದಲೇ ನನ್ನ ಮನಸ್ಸು ಬೊಲೆರೊದ ಕಡೆ ವಾಲಿತ್ತು. ಅದಕ್ಕೆ ಕಾರಣ ಅಮ್ಮ. 2020ರ ನವೆಂಬರಿನಲ್ಲಿ, ಅವಳ ಎಂಬತ್ತೊಂದನೆಯ ವಯಸ್ಸಿನಲ್ಲಿ, ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದಿತ್ತು. ಹಳೇ ಜೀಪಿನ ಹಿಂಭಾಗದಲ್ಲಿ ಹಾಸಿಗೆ ಹಾಸಿ ಅವಳನ್ನು ಓರೆಯಾಗಿ ಮಲಗಿಸಿದರೂ ಜಾಗ ಸಾಲದೆ ಹಿಂದಿನ ಬಾಗಿಲು ತೆರೆದೇ ಇಟ್ಟು, ಹೊರಗೆ ಚಾಚಿದ ಪಾದಕ್ಕೆ ಕಂಬಳಿ ಸುತ್ತಿ, ಡಾಂಬರು ಸೇರುವವರೆಗೆ ನಡಿಗೆಯ ವೇಗದಲ್ಲಿ ಒಯ್ದಿದ್ದೆವು. ಅಲ್ಲಿ ಆಂಬುಲೆನ್ಸ್ ಕಾದಿತ್ತು. ಚಾರ್ಮಾಡಿ ಇಳಿದು ಮಂಗಳೂರು ಸೇರಿ, ಆಪರೇಷನ್ ಆಗಿ, ಅಮ್ಮ ಊರುಗೋಲು ಹಿಡಿದು ನಡೆಯುವಂತಾದಳು. ಆದರೆ ಆ ಮೂರು ಕಿಲೋಮೀಟರಿನ ಒಂದೊಂದು ಕಲ್ಲೂ ನನ್ನ ಕಿವಿಯಲ್ಲಿ ಉಳಿದಿತ್ತು. ಪ್ರತಿ ಕಲ್ಲಿಗೂ ಹಿಂದಿನಿಂದ ಒಂದು ನರಳುವಿಕೆ. ಬೊಲೆರೊದಲ್ಲಿ ಹಿಂದಿನ ಸೀಟು ಮಡಚಿದರೆ ಒಬ್ಬರು ನೆಟ್ಟಗೆ ಮಲಗಬಹುದು. ನಾನೇ ಮಲಗಿ ನೋಡಿದ್ದೆ.

ಅಮ್ಮ ಒಬ್ಬಳ ಮಾತೂ ಅಲ್ಲ. 2008ರ ನವೆಂಬರಿನಲ್ಲಿ ರಾಜ್ಯದಲ್ಲಿ 108 ಆಂಬುಲೆನ್ಸ್ ಶುರುವಾದ ಮೇಲೆ ನಮ್ಮ ಜೀಪಿನ ಕೆಲಸ ಅರ್ಧ ಕಮ್ಮಿಯಾಯಿತು. ಅರ್ಧ ಮಾತ್ರ. 108 ಡಾಂಬರಿನವರೆಗೆ ಬರುತ್ತದೆ. ಅಲ್ಲಿಂದ ಒಳಗೆ ಜೀಪೇ ಆಗಬೇಕು. ನಮ್ಮ ಆಸುಪಾಸಿನಲ್ಲಿ ಹನ್ನೊಂದು ಮನೆ. ಹೆರಿಗೆ, ಹಾವು ಕಡಿತ, ಮರದಿಂದ ಬಿದ್ದವರು, ಎಲ್ಲರೂ ಅಪ್ಪನ ಕಾಲದಿಂದ ನಮ್ಮ ಜೀಪಿನಲ್ಲೇ ಹೋದವರು. ಜೀಪು ಇದ್ದ ಮನೆಯವನು ರಾತ್ರಿ ಎರಡು ಗಂಟೆಗೆ ಬಾಗಿಲು ತಟ್ಟಿದರೆ ಯಾಕೆಂದು ಕೇಳುವ ಹಾಗಿಲ್ಲ, ಅಂಗಿ ಹಾಕಿಕೊಳ್ಳಬೇಕು ಅಷ್ಟೆ. ಇದು ಎಲ್ಲೂ ಬರೆದಿಲ್ಲ.

ಆದರೆ ದಾರಿ ಬೇರೆಯೇ ಮಾತು ಹೇಳುತ್ತಿತ್ತು. ಮಲೆನಾಡಿನ ಮಣ್ಣುದಾರಿಯ ಕಷ್ಟ ಅದರ ಜಾಡಿನಲ್ಲಿದೆ. ಒಂದೇ ಅಗಲದ ಗಾಡಿಗಳು ಓಡಿ ಓಡಿ ಎರಡು ಕಾಲುವೆ ಕೊರೆದಿರುತ್ತವೆ, ನಡುವೆ ದಿಣ್ಣೆ. ಗಾಡಿಯ ಎರಡೂ ಚಕ್ರ ಎರಡೂ ಜಾಡಿಗೆ ಬಿದ್ದರೆ ರೈಲಿನಂತೆ ಹೋಗುತ್ತದೆ. ಒಂದು ಬಿದ್ದು ಇನ್ನೊಂದು ದಿಣ್ಣೆ ಹತ್ತಿದರೆ ಗಾಡಿ ವಾಲುತ್ತದೆ, ಮೂಲೆಯ ಚಕ್ರವೊಂದು ನೆಲ ಬಿಡುತ್ತದೆ. ಆಗ ಎಂಜಿನ್ನಿನ ಬಲವನ್ನೆಲ್ಲ ಡಿಫರೆನ್ಷಿಯಲ್ಲು ಆ ಗಾಳಿಯಲ್ಲಿರುವ ಚಕ್ರಕ್ಕೇ ಧಾರೆಯೆರೆಯುತ್ತದೆ. ಸೋಮಾರಿಗೆ ಸಂಬಳ ಕೊಟ್ಟ ಹಾಗೆ. ನಮ್ಮ ಹಳೇ ಜೀಪಿನ ಜಾಡು ಕಿರಿದಾಗಿತ್ತು. ಈಚಿನ ವರ್ಷಗಳಲ್ಲಿ ಕಾಫಿ ಒಯ್ಯುವ ಪಿಕಪ್ಪುಗಳು ಬಂದು ಅದನ್ನು ಅಗಲ ಮಾಡಿದ್ದವು. ಈಗಿನ ಜಾಡು ಬೊಲೆರೊಗೆ ಹೊಂದುತ್ತಿತ್ತು. ಜಿಪ್ಸಿಯ ಒಂದು ಕಾಲು ಯಾವಾಗಲೂ ದಿಣ್ಣೆಯ ಮೇಲೆ. ಆದರೆ ಪಿಕಪ್ಪುಗಳು ಓಡುವುದು ಬೇಸಿಗೆಯಲ್ಲಿ ಮಾತ್ರ. ಮಳೆಗಾಲದಲ್ಲಿ ಜಾಡೆಲ್ಲ ನೀರು ತುಂಬಿ, ಚಕ್ರಕ್ಕೆ ಚೈನು ಸುತ್ತಿದರೂ ಬಾರದಷ್ಟು ಕೆಸರಾದಾಗ, ಜಾಡು ಬಿಟ್ಟು ಅಂಚಿನ ಹುಲ್ಲು ಹಿಡಿದು ಹೋಗಬೇಕು. ಅಲ್ಲಿ ಕಿರಿದಾದದ್ದಕ್ಕೇ ಜಾಗ. ದಿಣ್ಣೆಯ ನೆತ್ತಿ ದಾಟುವಾಗ ಉದ್ದದ ಗಾಡಿಗೆ ಹೊಟ್ಟೆ ತಾಗುತ್ತದೆ, ಗಿಡ್ಡದ್ದು ಸಲೀಸಾಗಿ ಇಳಿಯುತ್ತದೆ. ಇನ್ನು ಮೋರಿ. ಆರೂವರೆ ಅಡಿಯಲ್ಲಿ ಬೊಲೆರೊ ನಿಂತರೆ ಎರಡೂ ಕಡೆ ತಲಾ ನಾಲ್ಕೂವರೆ ಇಂಚು ಉಳಿಯುತ್ತದೆ. ಜಿಪ್ಸಿಗೆ ಎಂಟೂವರೆ. ಹಗಲಿನಲ್ಲಿ ನಾಲ್ಕೂವರೆ ಇಂಚು ಧಾರಾಳ. ಜುಲೈ ತಿಂಗಳ ರಾತ್ರಿ, ಮೋರಿಯ ಮೇಲೆ ಒಂದಡಿ ಕೆಂಪುನೀರು ಹರಿಯುತ್ತಾ ಗಡಿಕಲ್ಲಿನ ತಲೆ ಮಾತ್ರ ಕಾಣುವಾಗ ಅದು ಎಷ್ಟು?

ಹಾಗೆಂದು ಇದನ್ನು ದಾರಿಯೊಂದೇ ನಿರ್ಧರಿಸುವುದೂ ಅಲ್ಲ. ಗಾಡಿ ಹೂತರೆ ಯಾರು ಬರುತ್ತಾರೆ ಎಂಬುದೂ ಮುಖ್ಯ. ಅಪ್ಪನ ಕಾಲದಲ್ಲಿ ಜೀಪು ಹೂತರೆ ಒಮ್ಮೆ ಹಾರ್ನು ಬಾರಿಸಿದರೆ ಸಾಕು, ಹತ್ತು ಜನ ಗಂಡಾಳುಗಳು ಹಗ್ಗ, ಹಾರೆ, ಹಲಗೆ ಹಿಡಿದು ಬರುತ್ತಿದ್ದರು. ಎಳೆದು ಮೇಲೆ ಹಾಕಿ, ಕಾಫಿ ಕುಡಿದು, ಜೀಪಿಗೂ ಅಪ್ಪನಿಗೂ ಒಂದೆರಡು ತಮಾಷೆ ಮಾಡಿ ಹೋಗುತ್ತಿದ್ದರು. ಜೀಪಿನ ನಿಜವಾದ ಫೋರ್‌ವೀಲು ಅವರೇ. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲೂಕಿನಲ್ಲಿ ಗುಡ್ಡಗಳು ಕುಸಿದು, ಚಾರ್ಮಾಡಿ ಘಟ್ಟ ಮುಚ್ಚಿ, ನಮ್ಮ ದಾರಿಯ ಮೇಲೂ ಧರೆ ಬಿದ್ದಾಗ ಮಣ್ಣು ತೆಗೆಯಲು ನಾವು ಸೇರಿದ್ದು ಏಳು ಜನ. ಅದರಲ್ಲಿ ಐವತ್ತು ದಾಟದವನು ಒಬ್ಬನೇ. ಹನ್ನೊಂದು ಮನೆಯಲ್ಲಿ ಈಗ ರಾತ್ರಿ ದೀಪ ಉರಿಯುವುದು ಐದರಲ್ಲಿ. ಮಕ್ಕಳೆಲ್ಲ ಬೆಂಗಳೂರಿನಲ್ಲಿದ್ದಾರೆ, ನಮ್ಮ ಮಗನೂ ಸೇರಿದಂತೆ. ತಪ್ಪೇನಲ್ಲ. ಆದರೆ ಒಂದೂವರೆ ಟನ್ನಿನ ಗಾಡಿ ಹೂತರೆ ಹಾರ್ನು ಬಾರಿಸಿ ಯಾರನ್ನು ಕರೆಯುವುದು? ಉಳಿದವರೆಲ್ಲ ಗಾಡಿ ತಳ್ಳುವವರಲ್ಲ, ಗಾಡಿಯಲ್ಲಿ ಮಲಗಿ ಹೋಗಬೇಕಾದೀತೆಂದು ಹೆದರುವವರು. ಹೀಗೆ ಒಂದೇ ಸಂಗತಿ ಎರಡು ಗಾಡಿಗಳ ಕಡೆಯಿಂದಲೂ ವಾದ ಮಾಡುತ್ತಿತ್ತು.

ಇನ್ನೊಂದು ವಿಷಯ ಹೇಳಬೇಕು. ಗಾಡಿ ಓಡಿಸುವವನು ನಾನಲ್ಲ. 2021ರಲ್ಲಿ ನನ್ನ ಕಣ್ಣಿನ ನರಕ್ಕೆ ತೊಂದರೆಯಾಗಿ, ಕತ್ತಲಾದ ಮೇಲೆ ಓಡಿಸಬೇಡಿ ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಆವತ್ತಿನಿಂದ ಸ್ಟೀರಿಂಗು ನನ್ನ ಹೆಂಡತಿಯ ಕೈಗೆ ಬಂತು. ಐವತ್ತೆರಡನೆಯ ವಯಸ್ಸಿನಲ್ಲಿ ಅವಳು ಹಳೇ ಜೀಪಿನಲ್ಲಿ ಕಲಿತಳು. ಪಕ್ಕದಲ್ಲಿ ಕೂತು ನಾನು ಕಾಲಿನಡಿ ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ಚಪ್ಪಲಿ ಸವೆಸಿಕೊಂಡದ್ದನ್ನು ಇಲ್ಲಿ ವಿಸ್ತರಿಸುವುದಿಲ್ಲ. ಮಳೆಗಾಲದ ರಾತ್ರಿ ಎರಡು ಗಂಟೆಗೆ ಬಾಗಿಲು ತಟ್ಟಿದರೆ ಅಂಗಿ ಹಾಕಿಕೊಳ್ಳುವುದು ನಾನು, ಗಾಡಿ ತೆಗೆಯುವುದು ಅವಳು. ನೋಟ್‌ಬುಕ್ಕಿನ ಎರಡು ಕಂಬದಲ್ಲಿ ಈ ಸಾಲಿಗೆ ಜಾಗವೇ ಇರಲಿಲ್ಲ.

ಮಾರ್ಚಿನ ಒಂದು ಭಾನುವಾರ ಸಾಬರು ಎರಡೂ ಗಾಡಿಗಳನ್ನು ನಮ್ಮ ಅಂಗಳಕ್ಕೆ ತರಿಸಿದರು. ಅಮ್ಮ ಊರುಗೋಲು ಊರಿಕೊಂಡು ಜಗುಲಿಗೆ ಬಂದಳು. ನಾನು ಬೊಲೆರೊದ ಹಿಂದಿನ ಬಾಗಿಲು ತೆರೆದು, ಸೀಟು ಮಡಚಿ, "ನೋಡಮ್ಮ, ಇಲ್ಲಿ ಆರಾಮಾಗಿ ಮಲಗಬಹುದು" ಎಂದೆ. ಅಮ್ಮ ಒಳಗೆ ಬಗ್ಗಿ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

"ಅಲ್ಲ ಕಣೋ, ಮಲಗಿಸ್ಕಂಡು ಹೋಗಕ್ಕೆ ಅಂತ ಯಾರಾದ್ರೂ ಗಾಡಿ ತಗತಾರಾ? ಮಲಗಿ ಹೋಗೋ ದಿನ ಬಂದ್ರೆ ನಾಲ್ಕು ಜನ ಬರ್ತಾರೆ. ಅದಕ್ಕೆ ಪೆಟ್ರೋಲೂ ಬೇಡ, ಡೀಸೆಲ್ಲೂ ಬೇಡ. ಕೂತು ಹೋಗೋದು ಯಾವ್ದು, ಅದನ್ನ ತೋರ್ಸು."

ಸಾಬರು ಬೇರೆ ಕಡೆ ತಿರುಗಿ ಕೆಮ್ಮಿದರು. ನಾನು ಮನಸ್ಸಿನಲ್ಲೇ ಐದು ಮನೆಗಳನ್ನು ಎಣಿಸುತ್ತಾ ಆ ನಾಲ್ಕು ಜನ ಯಾರಾಗಬಹುದೆಂದು ಲೆಕ್ಕ ಹಾಕತೊಡಗಿದೆ. ಮೂರಕ್ಕೆ ನಿಂತಿತು.

ಅಮ್ಮ ಎರಡೂ ಗಾಡಿಯ ಮುಂದಿನ ಸೀಟಿಗೆ ಹತ್ತಿದಳು. ಬೊಲೆರೊಗೆ ಮೆಟ್ಟಿಲಿತ್ತು, ಬೇಗ ಹತ್ತಿದಳು. ಜಿಪ್ಸಿಗೆ ನಾನು ಹಿಂದಿನಿಂದ ಎತ್ತಿ ಹಿಡಿಯಬೇಕಾಯಿತು. ಆದರೆ ಕೂತ ಮೇಲೆ ಅವಳಿಗೆ ಜಿಪ್ಸಿಯೇ ಹಿಡಿಸಿತು. ಯಾಕೆಂದು ಕೇಳಿದರೆ, "ಆವತ್ತು ಮಂಗ್ಳೂರಿಗೆ ಹೋಗುವಾಗ ಇಡೀ ದಾರಿ ಬರೀ ಸೂರು ಕಂಡಿದ್ದು. ಇದ್ರಲ್ಲಿ ತ್ವಾಟ ಕಾಣುತ್ತೆ" ಎಂದಳು. ಇದನ್ನು ನಾನು ಯಾವ ಕಂಬದಲ್ಲಿ ಬರೆಯಲಿ?

ಆಮೇಲೆ ಹೆಂಡತಿಯ ಸರದಿ. ಮೊದಲು ಬೊಲೆರೊ ತೆಗೆದುಕೊಂಡು ಡಾಂಬರಿನವರೆಗೆ ಹೋಗಿ ಬಂದಳು. ಪವರ್ ಸ್ಟೀರಿಂಗು, ಒಂದು ಬೆರಳಿನಲ್ಲಿ ತಿರುಗಿಸಿದರೂ ತಿರುಗುತ್ತಿತ್ತು. ಮೋರಿಯನ್ನೂ ನಿಧಾನವಾಗಿ, ಕಲ್ಲಿಗೆ ತಾಗಿಸದೆ ದಾಟಿದಳು. ನಾನು ಗೆದ್ದೆ ಎಂದುಕೊಂಡೆ. ಆಮೇಲೆ ಜಿಪ್ಸಿ. ಆ ಗಾಡಿಗೆ ಪವರ್ ಸ್ಟೀರಿಂಗು ಇರಲಿಲ್ಲ. ಮುಂದೆ ಹಿಂದೆ ಎರಡೂ ಕಡೆ ಎಲೆಪಟ್ಟಿಯ ಸ್ಪ್ರಿಂಗು, ಕುಲುಕಿಗೆ ಹಲ್ಲು ಅಲುಗುತ್ತಿತ್ತು. ಚಿಕ್ಕ ಗಾಡಿ ಹಗುರ, ದೊಡ್ಡದು ಭಾರ ಎಂದು ಕಾಗದದಲ್ಲಿ ಬರೆದದ್ದು ಕೈಗೆ ಬಂದಾಗ ತಿರುವುಮುರುವಾಗಿತ್ತು. ವಾಪಸು ಬಂದವಳ ಹಣೆಯಲ್ಲಿ ಬೆವರಿತ್ತು. ಮೋರಿಯ ಹತ್ತಿರ ಅವಳು ಏನೋ ಮಾಡಿದ್ದನ್ನು ಮೇಲಿನಿಂದ ನೋಡಿದ್ದೆ. ದಾಟಿ, ನಿಲ್ಲಿಸಿ, ರಿವರ್ಸಿನಲ್ಲಿ ಮತ್ತೆ ಮೋರಿಯ ಮೇಲೆ ಬಂದು, ಅಲ್ಲಿಂದ ಇಳಿಜಾರಿನ ಮೇಲಕ್ಕೆ ಹಿಂದು ಹಿಂದಾಗಿಯೇ ಅರ್ಧ ಫರ್ಲಾಂಗು ಹತ್ತಿಸಿದ್ದಳು. ಹುಡ್ಡಿನ ಹಿಂದಿನ ಬಟ್ಟೆಯನ್ನು ಸುರುಳಿ ಸುತ್ತಿ ಮೇಲೆ ಕಟ್ಟಿದ್ದಳು.

"ಇದೇ ಇರ್ಲಿ ರೀ" ಎಂದಳು.

"ಕೈ ನೋಯಲ್ವಾ?"

"ನೋಯುತ್ತೆ. ನೋಯ್ಲಿ. ಮುಂದೆ ಹೋಗಕ್ಕೆ ಎರಡೂ ಹೋಗ್ತವೆ. ರಾತ್ರಿ ಮೋರಿವರೆಗೆ ಹೋಗಿ, ನೀರು ನೋಡಿ, ಇವತ್ತಾಗಲ್ಲ ಅಂತ ಅನ್ಸಿದ್ರೆ ವಾಪಸ್ ಬರಬೇಕಲ್ಲ? ಅಲ್ಲಿ ತಿರುಗ್ಸಕ್ಕೆ ಜಾಗ ಇಲ್ಲ. ಆ ದೊಡ್ಡದ್ರಲ್ಲಿ ಹಿಂದೆ ಏನೂ ಕಾಣಲ್ಲ. ಕಾಣ್ದೆ ಇದ್ರೆ ನಾನು ವಾಪಸ್ ಬರಲ್ಲ, ದಾಟೇಬಿಡ್ತೀನಿ. ಅದು ಬೇಡ."

ನಾಲ್ಕೂವರೆ ಇಂಚು, ಎಂಟೂವರೆ ಇಂಚು ಎಂದು ನಾನು ಮುಂದಕ್ಕೆ ಹೋಗುವ ಲೆಕ್ಕವನ್ನಷ್ಟೇ ಹಾಕಿಕೊಂಡಿದ್ದೆ. ಮಳೆಗಾಲದಲ್ಲಿ ಹೊಳೆಹಳ್ಳಗಳ ಪಾಲಾದ ಗಾಡಿಗಳ ಸುದ್ದಿಯನ್ನು ಪ್ರತಿ ವರ್ಷ ಪತ್ರಿಕೆಯಲ್ಲಿ ಓದುತ್ತೇವೆ. ಅವರಲ್ಲಿ ಎಷ್ಟು ಜನ ಧೈರ್ಯದಿಂದ ನುಗ್ಗಿದರೋ, ಎಷ್ಟು ಜನ ಹಿಂದೆ ಬರಲು ಬಾರದೆ ನುಗ್ಗಿದರೋ ಯಾರು ಬಲ್ಲರು. ನಾನು ಎದುರು ಮಾತಾಡಲಿಲ್ಲ. ರಾತ್ರಿ ಆ ಸೀಟಿನಲ್ಲಿ ಕೂರುವವಳು ಅವಳು.

ಜಿಪ್ಸಿ ನಮ್ಮದಾಯಿತು. 29, 30ನೇ ನಮೂನೆಗಳಿಗೆ ಸಹಿ ಹಾಕಿ, ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದು, ಹೆಸರು ಬದಲಾಯಿಸಿದ್ದಾಯಿತು. ಹೊಸ ಹುಡ್ಡು ಹೊಲಿಸಿದೆವು. ಹಿಂದಿನ ಬಟ್ಟೆ ಸುಲಭವಾಗಿ ಸುತ್ತಿ ಕಟ್ಟಲು ಬರಬೇಕೆಂದು ಹೆಂಡತಿ ದರ್ಜಿಯ ಎದುರೇ ಕೂತು ಹೊಲಿಸಿದಳು. ಅಮ್ಮನಿಗೆ ಹತ್ತಲು ಬಡಗಿ ಒಂದು ಹಲಸಿನ ಮಣೆ ಮಾಡಿಕೊಟ್ಟ. ಅದು ಗಾಡಿಯಲ್ಲೇ ಇರುತ್ತದೆ. ಮೋರಿಯ ಗಡಿಕಲ್ಲುಗಳ ತಲೆಗೆ ಸುಣ್ಣ ಬಳಿದು, ಹೊಳೆಯುವ ಪಟ್ಟಿ ಅಂಟಿಸಿದೆವು. 2025ರಲ್ಲಿ ಹದಿನೈದು ವರ್ಷ ತುಂಬಿದಾಗ ನೋಂದಣಿಯನ್ನು ಐದು ವರ್ಷಕ್ಕೆ ಮುಂದುವರಿಸಿದೆ. 2022ರ ಏಪ್ರಿಲ್‌ಗೆ ಮೊದಲು ಆರುನೂರು ರೂಪಾಯಿ ಇದ್ದ ಆ ಶುಲ್ಕ ಐದು ಸಾವಿರವಾಗಿತ್ತು. ಪೆಟ್ರೋಲಿನ ಇಪ್ಪತ್ತನಾಲ್ಕು ಸಾವಿರದ ಪಕ್ಕದಲ್ಲಿ ಅದನ್ನೂ ಬರೆದಿಟ್ಟಿದ್ದೇನೆ.

ಈ ಆಯ್ಕೆಗೆ ತೆರಬೇಕಾದ ಬೆಲೆ ಪೆಟ್ರೋಲಿನದಷ್ಟೇ ಅಲ್ಲ. 2024ರ ಜುಲೈಯಲ್ಲಿ ಒಂದು ರಾತ್ರಿ ಕೆಳಗಿನ ಮನೆಯ ಅಜ್ಜ ಕೊಟ್ಟಿಗೆಯ ಮೆಟ್ಟಿಲಿನಿಂದ ಬಿದ್ದರು. ತೊಡೆಯ ಮೂಳೆ ಹೋಗಿತ್ತು. ಮಲಗಿಸಲು ಜಾಗವಿಲ್ಲ. ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ಒರಗಿಸಿ, ಕಾಲಿಗೆ ಅಡಿಕೆ ದಬ್ಬೆ ಕಟ್ಟಿ, ಸುತ್ತ ದಿಂಬು ತುರುಕಿ ಕೂರಿಸಿದೆವು. ನಾನು ಹಿಂದೆ ಕೂತು ಅವರ ಭುಜ ಹಿಡಿದಿದ್ದೆ. ಮೋರಿಯ ಹತ್ತಿರ ಹೆಂಡತಿ ನಿಲ್ಲಿಸಿದಳು. ನಾನ್ ನೋಡಿ ಬರ್ತೀನಿ ಎಂದು ಇಳಿದು, ಟಾರ್ಚು ಹಿಡಿದು, ಮೊಣಕಾಲಿಗಿಂತ ಕೆಳಗಿನ ನೀರಿನಲ್ಲಿ ಈಚೆಯ ಕಲ್ಲಿನವರೆಗೆ ನಡೆದು, ಸೆಳೆತ ನೋಡಿದಳು. ಬಂದು ಕೂತು, ಲೋ ಗೇರಿಗೆ ಹಾಕಿ, ಮಾತಿಲ್ಲದೆ ದಾಟಿಸಿದಳು. ಅಜ್ಜ ಮೂರು ಕಿಲೋಮೀಟರೂ ನರಳಿದರು. ಪ್ರತಿ ಕಲ್ಲಿಗೂ. ಬೊಲೆರೊದಲ್ಲಿ ಅವರು ನೆಟ್ಟಗೆ ಮಲಗಿರುತ್ತಿದ್ದರು, ಅರ್ಧ ನರಳಾಟ ಕಮ್ಮಿಯಾಗುತ್ತಿತ್ತು. ಇದು ನಮ್ಮಿಬ್ಬರಿಗೂ ಗೊತ್ತು. ವಾಪಸು ಬರುವಾಗ ಅವಳೇ ಹೇಳಿದಳು: "ಪಾಪ, ಅಜ್ಜನಿಗೆ ತುಂಬಾ ನೋವಾಯ್ತು." ಸ್ವಲ್ಪ ದೂರ ಬಂದ ಮೇಲೆ, "ನೀರು ಇನ್ನೊಂದು ಗೇಣು ಜಾಸ್ತಿ ಇದ್ದಿದ್ರೆ ನಾನು ವಾಪಸ್ ಬರ್ತಿದ್ದೆ" ಎಂದಳು. ಅಜ್ಜ ಈಗ ಗೋಡೆ ಹಿಡಿದು ನಡೆಯುತ್ತಾರೆ. ಜಿಪ್ಸಿ ಕಂಡರೆ ಮುಖ ತಿರುಗಿಸುತ್ತಾರೆ, ನಮ್ಮನ್ನು ಕಂಡರೆ ನಗುತ್ತಾರೆ.

ಅಮ್ಮ ತಿಂಗಳಿಗೊಮ್ಮೆ ಮೂಡಿಗೆರೆಗೆ ರಕ್ತದೊತ್ತಡ ತೋರಿಸಲು ಮುಂದಿನ ಸೀಟಿನಲ್ಲಿ ಕೂತು ಹೋಗುತ್ತಾಳೆ. ದಾರಿಯುದ್ದಕ್ಕೂ ಯಾರ ತೋಟದಲ್ಲಿ ಕಸಿ ಆಗಿಲ್ಲ, ಯಾರ ಬೇಲಿ ಮುರಿದಿದೆ ಎಂದು ವರದಿ ಒಪ್ಪಿಸುತ್ತಾಳೆ. ಆಸ್ಪತ್ರೆಯಲ್ಲಿ ಒತ್ತಡ ಜಾಸ್ತಿ ಬಂದರೆ ಅದಕ್ಕೆ ಆ ಬೇಲಿಗಳೇ ಕಾರಣವೆಂದು ನನ್ನ ಗುಮಾನಿ.

ಆ ಬೊಲೆರೊವನ್ನು ನಮ್ಮಿಂದಾಚೆಯ ಗುಡ್ಡದಲ್ಲಿ ಹೋಮ್‌ಸ್ಟೇ ಮಾಡಿರುವವರು ಕೊಂಡರು. ಹೋಮ್‌ಸ್ಟೇಯ ಹುಡುಗ ವಾರದ ಕೊನೆಗೆ ಅದರ ತುಂಬ ಬೆಂಗಳೂರಿನ ಜನರನ್ನು ತುಂಬಿಕೊಂಡು ಬರುತ್ತಾನೆ. ಕಲ್ಲು ಹಾಸಿನ ಏರಿನಲ್ಲಿ ಒಮ್ಮೊಮ್ಮೆ ಎದುರುಬದುರಾಗುತ್ತೇವೆ. ಏರು ಹತ್ತುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕೆಂಬುದು ನಿಯಮ. ನಾವು ಹತ್ತುತ್ತಿದ್ದರೂ ಆ ಹುಡುಗ ಅಲ್ಲಾಡುವುದಿಲ್ಲ. ಅವನಿಗೆ ಹಿಂದೆ ಕಾಣುವುದು ಬರೀ ತಲೆಗಳು. ಹೆಂಡತಿ ಒಂದು ನಿಮಿಷ ಅವನನ್ನು ನೋಡುತ್ತಾಳೆ. ಆಮೇಲೆ ನನ್ನ ಕಡೆ ತಿರುಗಿ, "ಆ ಬಟ್ಟೆ ಸ್ವಲ್ಪ ಎತ್ತಿ ಕಟ್ಟಿ ರೀ" ಎನ್ನುತ್ತಾಳೆ.